ಅರವತ್ತೊಂದಕ್ಕೆ ಮೂರು

ಫೋರ್ಟ್ ವೇನ್ ಊರಿನ ಸರ್ಕಾರಿ ಕಾಲೇಜಿನಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇಷ್ಟೆ:
ಬೇರೆಲ್ಲೋ ಕಲಿತದ್ದನ್ನು ಇಲ್ಲಿನ ಸೇರಿನಲ್ಲಿ ಅಳೆಯುವುದು.
ತುಂಬಿದರೆ ಮುದ್ರೆ. ತುಳುಕಿದರೂ ಅಷ್ಟೇ ಮುದ್ರೆ.
ಸೇರೇ ಬೇರೆಯಾದರೆ
ಕಾಳು ಎಷ್ಟಿದೆಯೆಂದು ನೋಡುವ ಅಧಿಕಾರ ನನಗಿಲ್ಲ.

ಮಂಗಳವಾರ ಮಾರ್ವೆಲಾ ಟಿಬ್ಸ್ ಬಂದಳು.
ನಲವತ್ತಮೂರು ವಯಸ್ಸು. ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ನೇರ ಇಲ್ಲಿಗೆ,
ತೋಳಿನ ಮೇಲೆ ಯಾರದೋ ಓಟ್ಸ್ ಗಂಜಿ ಒಣಗಿ ಅಂಟಿತ್ತು.
ಅರವತ್ತೊಂದು ಕ್ರೆಡಿಟ್ ತಂದಿದ್ದೇನೆ, ಎಂದಳು,
ಬಸ್ಸಿನಲ್ಲಿ ಮಡಿಲ ಮೇಲೆ ಮೊಟ್ಟೆ ಇಟ್ಟುಕೊಂಡು ಬಂದವಳ ಹಾಗೆ.

ಅವಳ ಕಾಲೇಜು ಈಗಿಲ್ಲ.
ಒಂದು ಗುರುವಾರ ಬಾಗಿಲಿಗೆ ಕಾಗದ ಅಂಟಿಸಿ ಮುಚ್ಚಿದರು;
ಆ ಕಟ್ಟಡದಲ್ಲೀಗ ಹಾಸಿಗೆ ಮಾರುತ್ತಾರೆ.
ಸಾಲ ಮಾತ್ರ ಮುಚ್ಚಲಿಲ್ಲ,
ಅದು ತಿಂಗಳು ತಿಂಗಳೂ ತಪ್ಪದೆ ಹಾಜರು.

'ನಮ್ಮದು ರಾಷ್ಟ್ರೀಯ ಮಾನ್ಯತೆ' ಎಂದಳು,
ಎದೆ ಸ್ವಲ್ಪ ಮುಂದೆ ಮಾಡಿ.
ಇದನ್ನು ಹೇಳುವಾಗ ನನ್ನ ನಾಲಿಗೆ ಪ್ರತಿ ಸಲ ಒಣಗುತ್ತದೆ.
'ನಮ್ಮದು ಪ್ರಾದೇಶಿಕ, ಮೇಡಂ.'
'ಹಾಗಾದರೆ ನಮ್ಮದೇ ದೊಡ್ಡದಲ್ಲವೆ?'
ಯಾರೇ ಆದರೂ ಹಾಗೇ ಅಂದುಕೊಳ್ಳಬೇಕು:
ದೇಶದ ಹೊಟ್ಟೆಯೊಳಗೆ ತಾನೆ ಪ್ರದೇಶ?
ನಮ್ಮಲ್ಲಿ ತಿರುಗುಮುರುಗು.
ಪ್ರದೇಶದ ಬಾಗಿಲು ದೇಶಕ್ಕೆ ತೆರೆಯುವುದಿಲ್ಲ.
ಯಾಕೆಂದು ನಾನೂ ಒಮ್ಮೆ ಕೇಳಿದ್ದೆ.
ಯಾರನ್ನು ಕೇಳಿದೆನೋ ಅವರು ನಿವೃತ್ತರಾದರು.

ಸಿಲಬಸ್ ಇದ್ದರೆ ಕೊಡಿ, ಎಂದೆ. ಒಂದು ಸಂದಿಯಾದರೂ ಸಿಕ್ಕೀತು.
ಸತ್ತ ಕಾಲೇಜು ಸಿಲಬಸ್ ಎಲ್ಲಿಂದ ಕೊಡಬೇಕು?
ತನ್ನ ನೋಟುಬುಕ್ಕನ್ನೇ ತೆಗೆದಿಟ್ಟಳು.
ಅನಾಟಮಿ, ಭಾಗ ಒಂದು. ರಟ್ಟಿನ ಮೇಲೆ ಕಾಫಿ ಲೋಟದ ಉಂಗುರ.
ಮೂತ್ರಪಿಂಡದ ಚಿತ್ರಕ್ಕೆ ಮಗಳು ನೇರಳೆ ಕ್ರೇಯಾನಿನಲ್ಲಿ
ಕಣ್ಣು, ಮೀಸೆ, ಒಂದು ಟೋಪಿ ಬರೆದಿದ್ದಳು.
ಅಡಿಯಲ್ಲಿ ಅಮ್ಮನ ಅಕ್ಷರ:
ದಿನಕ್ಕೆ ನೂರೆಂಬತ್ತು ಲೀಟರ್ ಸೋಸುತ್ತದೆ,
ಹೊರಗೆ ಬಿಡುವುದು ಒಂದೂವರೆ.
ನಮ್ಮ ಕಚೇರಿಯ ಬಗ್ಗೆ ಬರೆದ ಹಾಗಿತ್ತು.

ಹಾಳೆ ತಿರುಗಿಸುತ್ತಿದ್ದ ನನ್ನ ಕೈಯನ್ನು
ತಟ್ಟನೆ ಹಿಡಿದಳು.
'ಉಗುರು ಯಾವಾಗಿನಿಂದ ಹೀಗಿವೆ?'
ಹೇಗಿವೆ?
'ಚಮಚದ ಬೆನ್ನಿನ ಹಾಗೆ. ಎರಡು ತೋರುಬೆರಳು ಜೋಡಿಸಿ,
ಉಗುರಿಗೆ ಉಗುರು. ನಡುವೆ ಬೆಳಕು ಕಾಣಬೇಕು,
ಎಳ್ಳುಕಾಳಿನಷ್ಟು ಕಿಂಡಿ.'
ಜೋಡಿಸಿದೆ.
ಕಿಂಡಿ ಇರಲಿಲ್ಲ.
'ಎದೆಯ ಎಕ್ಸ್-ರೇ ತೆಗೆಸಿ, ಈ ವಾರವೇ.
ಹದಿನಾಲ್ಕನೇ ಪಾಠ ಅದು. ನನಗೆ ಎ ಬಂದಿತ್ತು.'

ಅಂದು ಸಂಜೆ ಅವಳ ಫಾರ್ಮು ತುಂಬಿದೆ.
ಅನಾಟಮಿ, ಸೊನ್ನೆ. ಔಷಧದ ಲೆಕ್ಕ, ಸೊನ್ನೆ.
ರೋಗಿಯನ್ನು ಮಗ್ಗುಲು ಬದಲಿಸುವುದು, ಎತ್ತುವುದು, ಸೊನ್ನೆ.
ಇಂಗ್ಲಿಷ್ ಪ್ರಬಂಧ ಮಾತ್ರ ಮೂರು,
ಅದನ್ನೂ ಅವಳು ಒಂದು ಬೇಸಿಗೆ
ಬೇರೆ ಕಾಲೇಜಿಗೆ ಹೋಗಿ ಮುಗಿಸಿದ್ದು.
ಸಹಿ ಹಾಕುವಾಗ ಉಗುರು ಕಾಣದ ಹಾಗೆ
ಪೆನ್ನು ಹಿಡಿಯಲು ನೋಡಿದೆ.

ಕಾಗದ ತಲುಪಿದ ದಿನ ಫೋನು ಬಂತು.
ಬೈಗುಳಕ್ಕೆ ಸಿದ್ಧನಾಗಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ.
ಕ್ರೆಡಿಟ್ಟಿನ ಮಾತೇ ಎತ್ತಲಿಲ್ಲ ಅವಳು.
'ತೆಗೆಸಿದಿರಾ?' ಎಂದಳು.

ಈಗ ಆಸ್ಪತ್ರೆಯ ಎರಡನೇ ಮಹಡಿ.
ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಫಾರ್ಮು.
'ಕಳಿಸಿದವರು' ಎಂಬಲ್ಲಿ ಖಾಲಿ ಚೌಕ.
ಮಾರ್ವೆಲಾ ಟಿಬ್ಸ್ ಎಂದು ಬರೆದೆ.
ಕಿಟಕಿಯಾಚೆಯ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು,
ಇನ್ನೊಮ್ಮೆ ಹುಡುಕಿದಳು.
'ಪಟ್ಟಿಯಲ್ಲಿಲ್ಲವಲ್ಲ ಸರ್. ಎಲ್ಲಿ ಓದಿದವರು?'

ಒಂದು ಹಾಸಿಗೆ ಅಂಗಡಿಯ ವಿಳಾಸ
ನನ್ನ ಬಾಯಿಗೆ ಬಂತು.